ಬರ್ಮಾದಿಂದ ಬಂದ ಸಿಂಬೆ

ಬರ್ಮಾದ ಯುದ್ಧದಿಂದ ಊರಿಗೆ ಮರಳಿದ್ದ ಅದೊಂಬಿರೆ ತನ್ನ ಸಿಪಾಯಿ ಚೀಲದಿಂದ ತೆಗೆದು ಚಾಪೆಯ ಮೇಲಿಟ್ಟದ್ದು, ತಲೆಹೊರೆಯ ಕೆಳಗಿಡುವ ಒಂದು ಹಳೆಯ ಸಿಂಬೆ. ಪಟಾಲಮ್ಮಿನ ಹಸಿರು ಅಂಗಿಯ ತೋಳು ಹರಿದು ಸುತ್ತಿದ್ದು. ಬೆವರು ಕುಡಿದು ಗಟ್ಟಿಯಾಗಿತ್ತು, ಎಳೆಗಳ ನಡುವೆ ನಾಲ್ಕಾರು ಗುಂಗುರು ಕೂದಲು ಸಿಕ್ಕಿಕೊಂಡಿದ್ದವು.

"ನನ್ನ ಗೆಳೆಯ ಅಕುರುಗುದು ಅಂತ ಉಳಿದಿರೋದು ಇಷ್ಟೇ," ಎಂದ. "ಅವರಪ್ಪನ ಪಕ್ಕದಲ್ಲಿ ಇದನ್ನೇ ಮಣ್ಣು ಮಾಡ್ಬೇಕು."

ದೊಡ್ಡಹುಣಸೆ ಮರದ ಬುಡದಲ್ಲಿ ಕೂತಿದ್ದ ಕೇರಿಯ ಹಿರಿಯ ಅಯಾರಿಗ ಅದನ್ನು ಕೋಲಿನ ತುದಿಯಿಂದ ತಿರುವಿ ನೋಡಿ ನಕ್ಕ. "ದಂಡಿಗೆ ಹೋದ ಗಂಡಸಿನ ಗುರುತು ಅಂದ್ರೆ ಬಿಲ್ಲು ತರ್ತಾರೆ, ಚೂರಿ ತರ್ತಾರೆ. ನೀರಿಗೆ ಹೋಗೋ ಹೆಂಗಸರ ಸಿಂಬೆ ತಂದಿದೀಯಲ್ಲೋ!"

ದೂರದಲ್ಲಿ ಸತ್ತವನ ಕೂದಲನ್ನೋ ಬಟ್ಟೆಯನ್ನೋ ತಂದು ಹೂತರೆ ಹೆಣ ಹೂತಂತೆಯೇ, ಅದರಲ್ಲಿ ಯಾರದೂ ತಕರಾರಿಲ್ಲ. ಆದರೆ ಯುದ್ಧದಲ್ಲಿ ಸತ್ತವನಿಗೆ ಮಾತ್ರ ಯುದ್ಧದ ನಗಾರಿ, ಅಪ್ಪನ ಪಕ್ಕದ ಜಾಗ. ಸುಮ್ಮನೆ ಕಾಡುಪಾಲಾದವನದು ಕೆಟ್ಟ ಸಾವು. ಅವನ ಗುರುತನ್ನು ಗಡಿಯ ಪೊದೆಗೆ ಎಸೆದು, ಹಿಂತಿರುಗಿ ನೋಡದೆ ಬರುತ್ತಾರೆ. ನಗಾರಿ ಬಡಿಸುವುದು, ಬಿಡುವುದು ಅಯಾರಿಗನ ಬಾಯಲ್ಲಿತ್ತು.

ಪಕ್ಕದ ಮನೆಯ ಗೋಡೆಗೊರಗಿ ಕೂತಿದ್ದ ಅಕುರುಗುದುವಿನ ತಾಯಿ ಅಯಿನ್‌ಪೋಕ ಅಳುತ್ತಿರಲಿಲ್ಲ. ಅಳುವುದನ್ನೆಲ್ಲ ಹೋದ ವರ್ಷ ಸಾವಿನ ಸುದ್ದಿ ಬಂದಾಗಲೇ ಮುಗಿಸಿದ್ದಳು. "ಅದೊಂಬಿರೆ, ನಿಜ ಹೇಳಪ್ಪ," ಎಂದಳು. "ನನ್ನ ಮಗನ ಕೈಲಿ ಬಂದೂಕಿತ್ತಾ?"

ಊರಿಗೆ ಬಂದ ಈ ಮೂರು ತಿಂಗಳಲ್ಲಿ ಅದೊಂಬಿರೆ ಸಂತೆಯ ಜೋಳದ ಹೆಂಡದ ಮುಂದೆ ಕೂತು ನಲವತ್ತು ಜಪಾನಿಯರನ್ನು ಹೊಡೆದುರುಳಿಸಿದ್ದ. ಹೆಂಡದ ಹೊಸ ಮಡಕೆ ತೆರೆದ ಹಾಗೆಲ್ಲ ಇನ್ನೂ ಐದು ಜನ ಸಾಯುತ್ತಿದ್ದರು. ಗೆಳೆಯನ ನಿಜ ಹೇಳಿದರೆ ತನ್ನದೂ ಹೇಳಿದಂತೆ. ತಬ್ಬಲಿ ಹುಡುಗನಿಗೆ ಹುಟ್ಟಿದ ಮೇಲೆ ಮೊದಲ ಸಲ ನಾಲ್ಕು ಜನ ಎದ್ದು ಜಾಗ ಕೊಡುತ್ತಿದ್ದರು.

"ಇರ್ಲಿಲ್ಲ ಅವ್ವ. ನನ್ನ ಕೈಲೂ ಇರ್ಲಿಲ್ಲ. ನಾವಿಬ್ರೂ ಹೊರೆಯಾಳುಗಳು. ಲಾರಿ ಹೋಗದ ಕಾಡು, ಹೇಸರಗತ್ತೆ ಕಾಲು ಮುರ್ಕೊಳ್ಳೋ ಗುಡ್ಡ. ತೋಪಿನ ಗುಂಡಿನ ಪೆಟ್ಟಿಗೆ ತಲೆ ಮೇಲೆ ಹೊತ್ಕೊಂಡು ನಡೆದ್ವಿ. ನಾನು ಕೊಂದಿದ್ದು ಜಿಗಣೆ ಮಾತ್ರ."

"ಹಂಗಾದ್ರೆ ಆ ನಲವತ್ತು ಜನ?" ಅಯಾರಿಗ ಹುಬ್ಬೇರಿಸಿದ.

"ಅವರೆಲ್ಲ ನಮ್ಮ ಸಂತೇಲೇ ಸತ್ತೋರು, ಯಜಮಾನ್ರೇ."

ಯಾರೋ ಕಿಸಕ್ಕೆಂದರು. ಅದೊಂಬಿರೆ ತಲೆ ತಗ್ಗಿಸಲಿಲ್ಲ. "ನಗ್ರಿ, ಪರವಾಗಿಲ್ಲ. ಆದ್ರೆ ಇದನ್ನೂ ಕೇಳಿ. ಬಿದಿರಿನ ಸೇತುವೆ, ಅವನು ಮುಂದೆ, ನಾನು ಹಿಂದೆ. ಪಕ್ಕದ ಗುಡ್ಡದಿಂದ ಗುಂಡು ಬಂದು ಅವನ ಹೊಟ್ಟೆಗೆ ಬಿತ್ತು. ಪೆಟ್ಟಿಗೆ ಬಿಟ್ಟಿದ್ರೆ ಹೊಳೆ ಪಾಲಾಗ್ತಿತ್ತು. ಆಚೆ ದಡದಲ್ಲಿ ನಮ್ಮೋರು ಗುಂಡು ಖಾಲಿಯಾಗಿ ಬರೀ ತೋಪು ಇಟ್ಕೊಂಡು ಕೂತಿದ್ರು. ಅವನು ಬಿಡ್ಲಿಲ್ಲ. ದಾಟಿ, ದಡದ ಮೇಲೆ ನೆಟ್ಟಗೆ ನಿಂತ. 'ಬೇಗ ಬಾರೋ ಸೋಮಾರಿ, ಎತ್ತಿದೋನು ನೀನು, ಇಳಿಸೋನೂ ನೀನೇ' ಅಂದ. ಇಳಿಸ್ದೆ. ಆಮೇಲೇ ಅವನು ಕೂತಿದ್ದು. ಮತ್ತೆ ಏಳ್ಲಿಲ್ಲ."

ಕೂತವರು ತಲೆದೂಗಿದರು. ಒಬ್ಬರ ತಲೆಗೆ ಹೊರೆ ಎತ್ತಿಕೊಟ್ಟವನು ಜೊತೆಗೇ ನಡೆದು ತಾನೇ ಇಳಿಸಬೇಕು. ಇಲ್ಲದಿದ್ದರೆ ಆ ಭಾರ ಎತ್ತಿದವನ ಮನೆ ಹೊಕ್ಕು ಕೂರುತ್ತದೆ. ಅದಕ್ಕೇ ಈ ಸೀಮೆಯವರು ಸಂತೆಗೆ ಹೋಗುವುದು ಇಬ್ಬರಿಬ್ಬರಾಗಿ.

"ಪಾಪ, ಒಳ್ಳೇ ಹುಡುಗ," ಎಂದ ಅಯಾರಿಗ. "ಆದ್ರೂ ಕೂಲಿ ಕೂಲೀನೇ. ಅವನಿಗೆ ನಗಾರಿ ಬಡಿಸಿದ್ರೆ ಮಣ್ಣೊಳಗಿನ ಹಿರೀಕರು ನಗ್ತಾರೆ. ಗಡೀಲಿ ಎಸೆದು ಬನ್ನಿ."

ಅಯಿನ್‌ಪೋಕ ಎದ್ದಳು. ಸಿಂಬೆಯನ್ನು ಎತ್ತಿ ಎರಡು ಸಲ ಕೊಡವಿ, ತನ್ನ ಬೋಳುತಲೆಯ ಮೇಲಿಟ್ಟುಕೊಂಡು ಬಂದು ಅಯಾರಿಗನ ಮುಂದೆ ನಿಂತಳು. ಬರೀ ಸಿಂಬೆ. ಆದರೂ ಕೊಡ ಹೊತ್ತವಳ ಹಾಗೆ ಅವಳ ಕತ್ತು ಬಿಗಿದಿತ್ತು.

"ಬಿಳಿ ಸಾಹೇಬ ಬಂದು ಕೇರಿಗೆ ಇಬ್ಬರು ಹುಡುಗರು ಬೇಕು ಅಂದಾಗ ನಿಮ್ಮ ಮನೇಲಿ ನಾಲ್ಕು ಜನ ಗಂಡುಮಕ್ಕಳಿದ್ರು," ಎಂದಳು. "ನೀವು ಬೆರಳು ತೋರಿಸಿದ್ದು ಒಬ್ಬ ತಬ್ಬಲಿನ, ಒಬ್ಬ ಮುಂಡೆ ಮಗನ್ನ. ಅದೊಂಬಿರೆ ಎತ್ತಿದ್ದು ಪೆಟ್ಟಿಗೆ, ಅದನ್ನ ಅವನು ಇಳಿಸಿದ. ಅದಕ್ಕೂ ಮುಂಚೆ ನನ್ನ ಮಗನ ತಲೆಗೆ ದಂಡಿನ ಹೊರೆ ಎತ್ತಿದೋರು ನೀವು. ಇಳಿಸಿ."

"ಏನು ಮಾತು ಅಂತ ಆಡ್ತೀಯ? ಕೂತ್ಕೊ."

"ಹೊರೆ ಹೊತ್ತೋಳು ಹೆಂಗೆ ಕೂರ್ಲಿ? ನೀವು ಇಳಿಸೋವರೆಗೂ ನಿಂತಿರ್ತೀನಿ."

ಬಿಸಿಲು ಏರಿತು. ಮರದ ನೆರಳು ಅವಳನ್ನು ಬಿಟ್ಟು ಸರಿಯಿತು. ಯಾರೋ ಸೋರೆಬುರುಡೆಯಲ್ಲಿ ನೀರು ತಂದರೆ ಮುಟ್ಟಲಿಲ್ಲ. ಹೆಂಗಸರು ಕೆಲಸ ಬಿಟ್ಟು ಬಂದು ಒಬ್ಬೊಬ್ಬರಾಗಿ ಅವಳ ಹಿಂದೆ ನಿಂತರು. ಅಯಾರಿಗನ ನಾಲ್ವರು ಮಕ್ಕಳೂ ಅಲ್ಲೇ ಇದ್ದರು, ಒಬ್ಬನೂ ಅಪ್ಪನ ಮುಖ ನೋಡಲಿಲ್ಲ.

ಮಧ್ಯಾಹ್ನವಾದ ಮೇಲೆ ಮುದುಕ ಕೋಲನ್ನು ಮರಕ್ಕೆ ಒರಗಿಸಿ ಎದ್ದ. "ನಗಾರಿ ತಗೊಂಡ್ ಬಾ," ಎಂದು ಹಿರಿಮಗನಿಗೆ ಹೇಳಿದ. ಆಮೇಲೆ ಅವಳ ಹತ್ತಿರ ಹೋಗಿ ಎರಡೂ ಕೈ ಎತ್ತಿದ. ಕೈಗಳು ಸಿಂಬೆಯನ್ನು ಮುಟ್ಟಲಿಲ್ಲ. ಅದರ ಮೇಲೆ ಒಂದು ಪೆಟ್ಟಿಗೆ ಇದ್ದಿದ್ದರೆ ಎಲ್ಲಿ ಹಿಡಿಯಬೇಕೋ ಅಲ್ಲಿ, ಗಾಳಿಯಲ್ಲಿ ನಿಂತವು.

"ಅದೊಂಬಿರೆ," ಎಂದ, "ಭಾರ ಇದೆ ಕಣೋ. ಆ ಕಡೆ ನೀನು ಹಿಡ್ಕೊ."