ಸೋರುವ ಮೂಲೆ

ಹಳೇ ದಲ್ಲಾಳಿಗೆ ದೊಡ್ಡದೊಂದು ನಮಸ್ಕಾರ ಹಾಕಿ ಕಳಿಸಿಬಿಡುವುದೆಂದು ತೀರ್ಮಾನಿಸಿಕೊಂಡೇ ಅವಳು ಬಸ್ಸಿಳಿದಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ನರ್ಸಮ್ಮ ಎನ್ನುತ್ತಾರೆ, ನಾವೂ ಹಾಗೇ ಅನ್ನೋಣ. ನಾಳೆ ಬರುತ್ತೇನೆಂದು ಗಂಡನಿಗೆ ಹೇಳಿದ್ದವಳು ಒಂದು ದಿನ ಮುಂಚೆಯೇ ಬಂದಿದ್ದಳು. ಹಿಂಬಾಗಿಲಿನಿಂದ ಅಡುಗೆಮನೆಗೆ ಕಾಲಿಟ್ಟಾಗ ಒಳಗೆ ಮಾತು ಕೇಳಿಸಿತು. ದಲ್ಲಾಳಿ ಯಾರೋ ಗಂಡಹೆಂಡಿರನ್ನು ಮನೆ ತೋರಿಸಲು ಕರೆತಂದಿದ್ದ. ಅವಳು ಚೀಲ ಕೆಳಗಿಟ್ಟು ಅಲ್ಲೇ ನಿಂತಳು.

ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ ನರ್ಸಮ್ಮನಿಗೆ ಮುಖ್ಯಸ್ಥೆಯ ಹುದ್ದೆ ಸಿಕ್ಕಿತ್ತು. ಈ ಮನೆ ಮಾರಿ ಹೋದರೆ ಅಲ್ಲೊಂದು ಮನೆ, ಇಬ್ಬರೂ ಒಂದೇ ಸೂರಿನಡಿ. ಹೋಗದಿದ್ದರೆ ಹುದ್ದೆ ಬಿಟ್ಟು ಅವಳೇ ವಾಪಸು. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬಳೇ ಇದ್ದು ಇದ್ದು ಅವಳಿಗೆ ಸಾಕಾಗಿತ್ತು, ಹುದ್ದೆ ಬಿಡುವ ಮನಸ್ಸೂ ಇರಲಿಲ್ಲ. ಇರುತ್ತೀರೋ ಬಿಡುತ್ತೀರೋ ತಿಂಗಳೊಳಗೆ ಒಂದು ಮಾತು ಹೇಳಿ ಎಂದು ಆಸ್ಪತ್ರೆಯವರು ಪಟ್ಟು ಹಿಡಿದಿದ್ದರು. ದಲ್ಲಾಳಿ ಮಾತ್ರ ಫೋನ್ ಮಾಡಿದಾಗಲೆಲ್ಲ ‘ಆಗುತ್ತೆ ಬಿಡಿ’ ಅನ್ನುತ್ತಿದ್ದ. ಆದದ್ದು ಏನೂ ಇಲ್ಲ. ಓಬೀರಾಯನ ಕಾಲದ ಮನುಷ್ಯ. ಅವನು ಗೇಟಿಗೆ ತೂಗುಹಾಕಿದ ಹಲಗೆಯಲ್ಲಿ ‘ಮನೆ ಮಾರಟಕ್ಕಿದೆ’ ಎಂದಿತ್ತು. ನರ್ಸಮ್ಮನ ಗಂಡ ಅದರಲ್ಲಿ ರಕಾರಕ್ಕೊಂದು ಕೆಂಪು ದೀರ್ಘ ಎಳೆದು, ಪಕ್ಕದಲ್ಲಿ ತಿದ್ದುಪಡಿಯ ಗುರುತನ್ನೂ ಹಾಕಿದ್ದ. ಹೊಸ ದಲ್ಲಾಳಿಯೊಬ್ಬಳನ್ನು ಅವಳು ಆಗಲೇ ಮಾತಾಡಿಸಿಟ್ಟಿದ್ದಳು. ಚುರುಕಿನ ಹೆಂಗಸು, ಸಂಜೆ ಬಂದು ಮನೆ ನೋಡುವವಳಿದ್ದಳು.

ಒಳಗೆ ಮಾತಾಡುತ್ತಿದ್ದವನು ದಲ್ಲಾಳಿಯಲ್ಲ, ನರ್ಸಮ್ಮನ ಗಂಡ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ, ಬೀದಿಯವರ ಬಾಯಲ್ಲಿ ಅವನು ‘ಪ್ರೂಫಿನವರು’. ತಪ್ಪು ಹುಡುಕುವುದರಲ್ಲೇ ಕಣ್ಣು ಸವೆಸಿದವನು, ತನ್ನ ಮದುವೆಯ ಕರೆಯೋಲೆಯನ್ನೂ ಮತ್ತೆ ಮತ್ತೆ ಅಚ್ಚಿಗೆ ಕಳಿಸಿ ಮಾವನವರ ಪ್ರಾಣ ಹಿಂಡಿದ್ದವನು. ಈಗ ಕಿಟಕಿಯ ಚಿಲಕ ಬಿಗಿ, ಬಚ್ಚಲ ನಲ್ಲಿ ತೊಟ್ಟಿಕ್ಕುತ್ತದೆ ಎಂದು ಬಂದವರಿಗೆ ಒಂದೊಂದಾಗಿ ತೋರಿಸಿಕೊಡುತ್ತಿದ್ದ. ನರ್ಸಮ್ಮನಿಗೆ ನಗು ಬಂತು. ಹೇಳುತ್ತಿದ್ದದ್ದೆಲ್ಲ ನಿಜವೇ.

ಮಲಗುವ ಕೋಣೆಗೆ ಬಂದಾಗ ಮನೆ ನೋಡಲು ಬಂದ ಹೆಂಗಸು ಹಿಗ್ಗಿದಳು. ಬೆಳಕು ಚೆನ್ನಾಗಿದೆ, ಮಗು ಹುಟ್ಟಿದರೆ ತೊಟ್ಟಿಲು ಈ ಮಂಚದ ಮೂಲೆಯಲ್ಲೇ ಇಡಬಹುದು ಎಂದಳು.

“ಅಲ್ಲಿ ಬೇಡಮ್ಮ,” ಎಂದ ನರ್ಸಮ್ಮನ ಗಂಡ. “ಮಳೆ ಬಂದ್ರೆ ಆ ಮೂಲೆ ಸೋರುತ್ತೆ.”

ನರ್ಸಮ್ಮನ ನಗು ಅಲ್ಲೇ ನಿಂತಿತು. ಅದೇ ಮೂಲೆಯಲ್ಲಿ ಅವಳ ಮಂಚವಿತ್ತು. ಎಷ್ಟೋ ಮಳೆಗಾಲ ಅದರ ಮೇಲೆ ಮಲಗಿದ್ದಾಳೆ, ಒಂದು ಹನಿ ಬಿದ್ದದ್ದಿಲ್ಲ. ಇದ್ದ ತಪ್ಪನ್ನು ತೆಗೆಯುವುದರಲ್ಲೇ ಆಯುಷ್ಯ ಕಳೆದ ಮನುಷ್ಯ ಇಲ್ಲದ ತಪ್ಪೊಂದನ್ನು ಕೈಯಾರೆ ಸೇರಿಸುತ್ತಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ಬಂದವರು ಯೋಚನೆ ಮಾಡಿ ಹೇಳುತ್ತೇವೆ ಎಂಬ ಮಾಮೂಲು ಮಾತನ್ನು ಹೇಳಿ ಹೊರಟರು.

ಅವಳು ಮನೆ ಬಳಸಿ ಬಂದು ಗೇಟಿನ ಹತ್ತಿರ ದಲ್ಲಾಳಿಯನ್ನು ಹಿಡಿದಳು. ಅವಳನ್ನು ಕಂಡು ಅವನೇನೂ ಗಾಬರಿಯಾಗಲಿಲ್ಲ. ಪ್ರತಿ ಸಲವೂ ಹೀಗೆಯೇ ಏನು ಎಂದು ಕೇಳಿದಳು.

“ಹೀಗೇ ಅಲ್ಲಮ್ಮ. ಸೋರೋ ಮೂಲೆ ಸಲಕ್ಕೊಂದು.”

“ನನಗ್ಯಾಕೆ ಹೇಳಲಿಲ್ಲ?”

“ಮನೆ ಮಾರಿಸೋದು ನನ್ನ ಕೆಲಸ. ಗಂಡಹೆಂಡಿರ ನಡುವೆ ಕಡ್ಡಿ ಆಡಿಸೋದಲ್ಲ.” ಅವನು ಚಪ್ಪಲಿಯಲ್ಲಿ ಸಿಕ್ಕಿದ್ದ ಕಲ್ಲು ಕೊಡವಿಕೊಂಡ. “ಬೇರೆಯವರಿಗೆ ಕೊಡ್ತೀರಂತೆ, ಕೊಡಿ, ನನಗೆ ಬೇಜಾರಿಲ್ಲ. ಆದ್ರೆ ಯಾರು ಬಂದರೂ ಈ ಮನೆ ಸೋರುತ್ತೆ.”

ಅವನು ಹೊರಟುಹೋದ. ಈ ದಲ್ಲಾಳಿಯನ್ನು ಕೆಲಸಕ್ಕೆ ಬಾರದವನೆಂದು ಆಸ್ಪತ್ರೆಯ ತುಂಬ ಆಡಿಕೊಂಡಿದ್ದಳಲ್ಲ ಎಂದು ನರ್ಸಮ್ಮನಿಗೆ ನಾಚಿಕೆಯಾಯಿತು. ಹೊಸ ದಲ್ಲಾಳಿಗೆ ಫೋನ್ ಮಾಡಿ ಸಂಜೆ ಬರುವುದು ಬೇಡವೆಂದಳು. ಕಾರಣ ಕೇಳಿದರೆ ಏನು ಹೇಳಬೇಕೋ ತಿಳಿಯದೆ, ಮನೆಯಲ್ಲಿ ಸ್ವಲ್ಪ ರಿಪೇರಿ ಇದೆ ಎಂದುಬಿಟ್ಟಳು.

ಗಂಡ ಮಂಚದ ಮೇಲೆ ಕೂತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು, ಮರುಕ್ಷಣ ಬಾಡಿತು. ಆ ಮೂಲೆ ಯಾವಾಗಿನಿಂದ ಸೋರುತ್ತಿದೆ ಎಂದು ಅವಳು ಕೇಳಿದಳು. ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಬಂದವರೆದುರು ಸಲೀಸಾಗಿ ಬಂದ ಸುಳ್ಳು ಇವಳೆದುರು ಬಾಯಿಗೆ ಬರಲೊಲ್ಲದು.

“ಇಲ್ಲಿ ಒಂದು ಅಕ್ಷರ ಅನುಮಾನ ಬಂದ್ರೂ ಬೀದಿಯವರೆಲ್ಲ ನನ್ನ ಹತ್ರ ಬರ್ತಾರೆ,” ಎಂದ ಕೊನೆಗೆ. “ಅಲ್ಲಿ ನಾನು ಯಾರು ಹೇಳು? ನರ್ಸಮ್ಮನ ಗಂಡ. ಅಷ್ಟೇ.”

ಅವನಿಗೆ ಇಷ್ಟೊಂದು ಭಯವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಪಕ್ಕದಲ್ಲಿ ಕೂತಳು. ತಲೆಯ ಮೇಲೆ ಸೂರು ಎಂದಿನಂತೆ ಒಣಗಿಕೊಂಡು, ಬೆಳ್ಳಗೆ ಇತ್ತು.

“ಈ ಬೀದಿಗೆ ಬಂದ ದಿನದಿಂದ ನಾನು ಪ್ರೂಫಿನವರ ಹೆಂಡ್ತಿ,” ಎಂದಳು. “ಅದಕ್ಕೇನು ಮನೆ ಸೋರಿತಾ?”