ಮಾವನ ಹೆಸರು

"ರೆನ್ ಅಂತ ಇಡೂಣ್ರಿ ಅತ್ತಿ. ಜಪಾನಿ ಹೆಸರು, ಕಮಲದ ಹೂ ಅಂತ ಅರ್ಥ. ಇಲ್ಲಾ ಕಿಯಾನ್. ಪರ್ಷಿಯಾದಾಗ ರಾಜ ಅಂತ," ಸೊಸೆ ಮೊಬೈಲು ನೋಡಿ ಓದಿದಳು.

"ಜಪಾನದಾಗ ಹಡದೀಯೇನು? ನಿಮ್ಮ ಮಾವನ ಹೆಸರ ಇಡು."

ಸೊಸೆಗೆ ಮೈಯುರಿಯಿತು. ಅತ್ತೆ ಮಾತಾಡಹೋದಾಗಲೆಲ್ಲ "ಬಾಯಿ ಮುಚ್ಚು" ಎಂದು ಗದರುತ್ತಿದ್ದ ಮನುಷ್ಯ ಅವನು. ಸಾಯುವ ದಿನವೂ ಗದರಿದ್ದ. ಅಂಥವನ ಹೆಸರು ತನ್ನ ಮಗನಿಗೆ?

"ಇಟ್ಟರ ನೀವು ಕೂಸನ್ನ ಹೆಂಗ ಕರೀತೀರಿ? ಗಂಡನ ಹೆಸರು ಒಂದ ಸಲನೂ ನಿಮ್ಮ ಬಾಯಾಗ ಬಂದಿಲ್ಲ. ದವಾಖಾನ್ಯಾಗ ಕೇಳಿದ್ರೂ ನನ್ನ ಕಡಿಂದ ಹೇಳಿಸಿದ್ರಿ."

"ಅದು ನನಗ ಬಿಡು. ಆ ಹೆಸರು ಇಡಲಿಲ್ಲಂದ್ರ ನಾ ತೊಟ್ಟಿಲಕ್ಕ ಕೈ ಹಚ್ಚಂಗಿಲ್ಲ."

ಗಂಡನೂ ತಾಯಿಯ ಪರ ನಿಂತ. ಸೊಸೆ ಹಲ್ಲು ಕಚ್ಚಿಕೊಂಡು ಒಪ್ಪಿದಳು.

ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ ಕುರ್ರೆಂದು ಹೆಸರು ಊದುತ್ತಲೇ ಕೂಸು ಕಿಟಾರನೆ ಚೀರಿತು. ನೆರೆದ ಹೆಂಗಸರೆಲ್ಲ ನೋಡುತ್ತಿದ್ದಂತೆ ಅತ್ತೆ ಸೆರಗು ಸಿಕ್ಕಿಸಿಕೊಂಡು ತೊಟ್ಟಿಲ ಮೇಲೆ ಬಾಗಿದಳು.

"ಫಕೀರಪ್ಪಾ," ಎಂದಳು, ಇಡೀ ಮನೆಗೆ ಕೇಳುವಂತೆ, "ಬಾಯಿ ಮುಚ್ಚು!"