ಬಾಲಯೇಸುಗಳ ಬೀದಿ

ಹಿಂದಿರುಗಿ ನೋಡಬಾರದು ಎಂದು ಹಸಿಂತಾ ಮೂರನೆಯ ಸಲ ಅಂದುಕೊಂಡಳು. ಮೂರನೆಯ ಸಲವೂ ತಿರುಗಿ ನೋಡಿದಳು. ಮೆಣಸಿನಕಾಯಿ ಮೂಟೆಗಳ ಆಚೆ, ಜನರ ತಲೆಗಳ ನಡುವೆ, ಅಳಿಯ ಲೆಯೊಬಾರ್ದೊನ ಕಂದು ಚರ್ಮದ ಕೋಟು. ಅವನು ಅವಳನ್ನು ಇನ್ನೂ ಕಂಡಿರಲಿಲ್ಲ.

ಶಾಲಿನ ಗಂಟನ್ನು ಎದೆಗೊತ್ತಿಕೊಂಡು ಪಕ್ಕದ ಓಣಿಗೆ ತಿರುಗಿದಳು.

ಮೆಕ್ಸಿಕೊ ನಗರಕ್ಕೆ ಅವಳು ಬಂದದ್ದು ಇದೇ ಮೊದಲು. ಲಾ ಮೆರ್ಸೆದ್ ಪೇಟೆ ನೋಡದೆ ಸಾಯಬಾರದು ಅಂತ ಊರಿನಲ್ಲಿ ಹೇಳುತ್ತಿದ್ದರು. ನೋಡಲು ಕಣ್ಣು ಬೇಕಲ್ಲ? ಅವಳ ಕಣ್ಣೆಲ್ಲ ಬೆನ್ನಿಗಿತ್ತು. ಒಂದು ಗಂಟೆಗೆ ಪೂರ್ವದ ನಿಲ್ದಾಣದಿಂದ ಹಲಾಪಾಕ್ಕೆ ಬಸ್ಸು. ಅಲ್ಲಿ ಬಾಲ್ಯದ ಗೆಳತಿಯ ಮನೆ. ಅಂಥ ಗೆಳತಿಯೊಬ್ಬಳು ಇರುವುದೇ ಅಳಿಯನಿಗೆ ಗೊತ್ತಿಲ್ಲ. ಅಲ್ಲಿಯತನಕ ಜನರಲ್ಲಿ ಕರಗಿರಬೇಕು.

"ಬಾ ಬಾ, ಬೆಳ್ಳಗಿನ ಹುಡುಗೀ! ಏನು ಕಟ್ಟಲಿ?" ಗಿಡಮೂಲಿಕೆಯವನು ಕೂಗಿದ. ಅರವತ್ತೆರಡು ವರ್ಷದ, ಹುಣಸೆಹಣ್ಣಿನ ಬಣ್ಣದ ಹಸಿಂತಾಳಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

"ಒಂದು ಹಿಡಿ ಸೋಂಪು ಕೊಡಪ್ಪ."

"ಹೊಟ್ಟೆ ಸರಿಯಿಲ್ವಾ ಅಜ್ಜಿ?"

"ನನಗಲ್ಲ."

ಪೊಟ್ಟಣ ಬುಟ್ಟಿಗೆ ಹಾಕಿಕೊಂಡು ನಡೆದಳು. ಸಿಹಿಗುಂಬಳದ ಮಿಠಾಯಿ ಸಾಲು, ಬುಟ್ಟಿಗಳ ಸಾಲು, ಕಾಗದದ ಹೂವಿನ ಸಾಲು. ತೋಳು ಸೋತು ಜೋಮು ಹಿಡಿದಿತ್ತು. ಆದರೂ ನಿಲ್ಲಲಿಲ್ಲ. ನಿಂತರೆ ಕೆಟ್ಟೆ.

ಆಮೇಲೆ ತಾಲಾವೆರಾ ಬೀದಿ ಸಿಕ್ಕಿತು. ಹಸಿಂತಾ ಬೆಳಗಿನಿಂದ ಮೊದಲ ಸಲ ನಿರಾಳವಾಗಿ ಉಸಿರಾಡಿದಳು.

ಮೇಣದಬತ್ತಿ ಹಬ್ಬಕ್ಕೆ ಇನ್ನು ಮೂರೇ ದಿನ. ಮನೆಮನೆಯ ಬಾಲಯೇಸುವಿಗೆ ಹೊಸ ಅಂಗಿ ತೊಡಿಸಿ ಚರ್ಚಿಗೆ ಒಯ್ಯುವ ದಿನ. ಬೀದಿ ತುಂಬ ಹೆಂಗಸರು, ಒಬ್ಬೊಬ್ಬರ ತೋಳಿನಲ್ಲೂ ಬಟ್ಟೆ ಸುತ್ತಿದ ಮೂರ್ತಿ. ಅದರ ಮುರಿದ ಬೆರಳಿಗೆ ಮದ್ದು ಕೇಳುವವರು, ಬಿದ್ದ ರೆಪ್ಪೆ ಅಂಟಿಸಿಕೊಳ್ಳುವವರು, ಕಿರೀಟಕ್ಕೆ ಚೌಕಾಸಿ ಮಾಡುವವರು. ಗಂಟು ಹೊತ್ತ ಇನ್ನೊಬ್ಬ ಮುದುಕಿಯನ್ನು ಇಲ್ಲಿ ಯಾರು ನೋಡುತ್ತಾರೆ?

ದೊಮಿತಿಲಾ ನೋಡಿದಳು. ಅಂಗಿ ಅಂಗಡಿಯ ದಪ್ಪ ಹೆಂಗಸು, ತುಟಿಯಲ್ಲಿ ಗುಂಡುಸೂಜಿ.

"ಅಯ್ಯೋ, ಎಷ್ಟು ದೊಡ್ಡದು! ಭಾರ ಇಲ್ವಾ ಅಜ್ಜಿ?"

"ದಿನಾ ಒಂಚೂರು ಹೆಚ್ಚಾಗ್ತಾನೇ ಇದೆ."

"ವಯಸ್ಸು! ನನಗೂ ಹಾಗೇ, ಮೆಟ್ಟಿಲುಗಳೆಲ್ಲ ಎತ್ತರ ಆಗಿಬಿಟ್ಟಿವೆ. ಜರತಾರಿ ಕೊಡ್ಲಾ?"

ಹಸಿಂತಾ ಜರತಾರಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. "ಬೇಡ. ಚುಚ್ಚುತ್ತೆ. ಮೆತ್ತನೆ ಹತ್ತಿಯದು ಇದ್ಯಾ?"

"ಗಾರೆ ಮೂರ್ತಿಗೆ ಎಲ್ಲಿ ಚುಚ್ಚುತ್ತೆ, ನನ್ನ ರಾಣಿ!" ದೊಮಿತಿಲಾ ನಕ್ಕಳು. "ಕೊಡಿ ಇಲ್ಲಿ, ಅಳತೆ ತಗೋತೀನಿ."

"ಬೇಡಮ್ಮ, ನಾನೇ—"

ಅಷ್ಟರಲ್ಲಿ ದೊಮಿತಿಲಾ ಹೊದಿಕೆಯ ಅಂಚು ಎತ್ತಿಬಿಟ್ಟಿದ್ದಳು. ಕೆನ್ನೆಯ ಮೇಲೆ ಹಳೆಯ ನೇರಳೆ ಕಲೆ. ಅವಳ ನಗು ನಿಂತಿತು. ಗುಂಡುಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದಳು.

"ಯಾರು ಮಾಡಿದ್ದು?"

"ನನ್ನ ಅಳಿಯ. ಭಾನುವಾರ ಕುಡಿದು ಬಂದು ಎತ್ತಿ ಎಸೆದ. ಹಾಸಿಗೆ ಮೇಲೆ ಬಿತ್ತು, ಅಷ್ಟಕ್ಕೇ ಉಳೀತು." ಹಸಿಂತಾ ಹೊದಿಕೆಯನ್ನು ಮತ್ತೆ ಮುಚ್ಚಿದಳು. "ನನ್ನ ಮಗಳು ನೀವೆಸ್ ಅಕ್ಟೋಬರಿನಲ್ಲಿ ತೀರಿಹೋದಳು. ಅವಳು ಬಿಟ್ಟುಹೋದದ್ದು ಇದೊಂದೇ. ಅವನಿಗೆ ಬೇಕಾಗಿಯೂ ಇಲ್ಲ. ಆದ್ರೆ ತನ್ನ ಮನೇದು ತನ್ನ ಮನೇಲೇ ಇರ್ಬೇಕು ಅಂತ ಹಟ. ಬೆಳಿಗ್ಗೆ ಅವನು ಏಳೋ ಮುಂಚೆ ಎತ್ಕೊಂಡು ಬಂದೆ. ಬೆನ್ನು ಹತ್ತಿದಾನೆ."

"ಹೇಗಿದಾನೆ?"

"ಕಂದು ಕೋಟು."

ದೊಮಿತಿಲಾ ಅವಳ ಹೆಗಲಿನಾಚೆ ನೋಡಿದಳು. "ಹೂವಿನಂಗಡಿ ಹತ್ರ ಇದಾನೆ. ಕೊಡಿ. ಬೇಗ ಕೊಡಿ ಅಂದೆ!"

ಹೊತ್ತು ಮೀರಿದ ಅಡುಗೆಮನೆಯಲ್ಲಿ ಓಡಾಡುವ ತಾಯಿಯ ಕೈಯಂತೆ ಅವಳ ಕೈ ಓಡಿತು. ಪಾದ ಮುಚ್ಚುವ ಬಿಳಿ ಅಂಗಿ, ಗಲ್ಲದತನಕ ಕಸೂತಿ, ತಲೆಗೆ ತಗಡಿನ ಕಿರೀಟ, ಕೆನ್ನೆಗೊಂದು ರೇಷ್ಮೆ ಹೂ. ಹಲಗೆಯ ಮೇಲೆ ಮೆತ್ತೆಗೊರಗಿ ಮಲಗಿದ್ದ ಹನ್ನೆರಡು ಬಾಲಯೇಸುಗಳ ಸಾಲಿನಲ್ಲಿ ಜಾಗ ಮಾಡಿ ಅಲ್ಲಿ ಒರಗಿಸಿದಳು. ಈಗ ಹದಿಮೂರು.

"ಸಿಕ್ಕಿಬಿದ್ದೆಯಾ ಮುದುಕಿ!" ಲೆಯೊಬಾರ್ದೊ ಬಂದೇಬಿಟ್ಟ. ಶಾಲು ಕಿತ್ತು ಒದರಿದ. ಖಾಲಿ. ಬುಟ್ಟಿ ಬೋರಲು ಹಾಕಿದ. ಸೋಂಪು ಚೆಲ್ಲಿತು. "ಎಲ್ಲಿಟ್ಟೆ?"

ಹಸಿಂತಾಳಿಗೆ ಸಾಲಿನತ್ತ ನೋಡಲೂ ಹೆದರಿಕೆ. ಇನ್ನೊಂದೇ ನಿಮಿಷ, ನನ್ನಪ್ಪಾ, ಎಂದು ಒಳಗೊಳಗೇ ಬೇಡಿಕೊಂಡಳು.

ಅವನು ಪರದೆ ಸರಿಸಿದ, ಮೇಜಿನಡಿ ಬಗ್ಗಿ ನೋಡಿದ.

"ಏನು ಸ್ವಾಮಿ, ನನ್ನ ಲಂಗದೊಳಗೂ ಹುಡುಕ್ತೀರಾ?" ದೊಮಿತಿಲಾ ಸೊಂಟಕ್ಕೆ ಕೈಕೊಟ್ಟು ನಿಂತಳು. ಪಕ್ಕದಂಗಡಿಯವರು ಗೊಳ್ಳೆಂದರು. "ಇರೋದೆಲ್ಲ ನಿಮ್ಮ ಕಣ್ಣೆದುರಿಗೇ ಇದೆ. ನಿಮ್ಮದೇನಾದ್ರೂ ಇದ್ರೆ ಗುರುತು ಹಿಡಿದು ಎತ್ಕೊಂಡು ಹೋಗಿ. ಬೇಡ ಅಂದೋರ್ಯಾರು?"

ಅವನ ಕಣ್ಣು ಹದಿಮೂರು ಮುಖಗಳ ಮೇಲೆ ಹರಿಯಿತು. ಎಲ್ಲೂ ನಿಲ್ಲಲಿಲ್ಲ.

"ಪಚೂಕಾದ ನಿನ್ನ ತಂಗಿಗೆ ದಾಟಿಸಿದ್ದೀಯ, ಅಲ್ವಾ? ಬಸ್ಸು ಹತ್ತೋ ಮುಂಚೆ ಉತ್ತರದ ನಿಲ್ದಾಣದಲ್ಲೇ ಹಿಡೀತೀನಿ ಅವಳನ್ನ!"

ಹಸಿಂತಾ ತಲೆ ತಗ್ಗಿಸಿದಳು. ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ಜನರನ್ನು ತಳ್ಳುತ್ತಾ ಓಡಿದ.

ಕಂದು ಕೋಟು ಬೀದಿಯ ತುದಿ ದಾಟುವವರೆಗೆ ಇಬ್ಬರೂ ಅಲುಗಾಡಲಿಲ್ಲ.

ಸಾಲಿನಲ್ಲಿ ಎಡದಿಂದ ನಾಲ್ಕನೆಯದು, ಕಿರೀಟ ಜಾರಿ ಮೂಗಿಗೆ ಬರುವಂತೆ, ಬಾಯಿ ತುಂಬ ಆಕಳಿಸಿ ಹಾಲಿಗೆ ಅಳತೊಡಗಿತು.